ಟಿವಿಯಲ್ಲಿ ಕ್ಯಾಮೆರಾ ಕಾಣುತ್ತಿಲ್ಲವೇ? ದೋಷ ಇರುವ ಜಾಗ ಹುಡುಕುವ ಬಗೆ

ಮುಂಬೈ ಕಡೆ ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮವರ ಮನೆ, ಹೋಟೆಲುಗಳಲ್ಲಿ ಭದ್ರತಾ ಕ್ಯಾಮೆರಾ ಕೂರಿಸುವುದು, ಕೆಟ್ಟರೆ ಸರಿಪಡಿಸುವುದು ನನ್ನ ಕೆಲಸ. ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: "ಕ್ಯಾಮೆರಾ ಹಾಳಾಗಿದೆ, ಟಿವಿಯಲ್ಲಿ ಏನೂ ಕಾಣುತ್ತಿಲ್ಲ." ಟಿವಿಯಲ್ಲಿ ಕಾಣುತ್ತಿಲ್ಲ ಎಂಬುದು ನಿಜ. ಕ್ಯಾಮೆರಾ ಹಾಳಾಗಿದೆ ಎಂಬುದು ಬಹುಪಾಲು ಊಹೆ. ಕ್ಯಾಮೆರಾ, ಅದಕ್ಕೆ ಕರೆಂಟು ಕೊಡುವ ಪವರ್ ಸಪ್ಲೈ, ಗೋಡೆಯ ಮೇಲೆ ಓಡುವ ತಂತಿ, ರೆಕಾರ್ಡ್ ಮಾಡುವ ಡಿವಿಆರ್ (ಮುಂದೆ ಬರೀ ಪೆಟ್ಟಿಗೆ ಎಂದರೆ ರೆಕಾರ್ಡ್ ಮಾಡುವ ಈ ಪೆಟ್ಟಿಗೆ), ಅಲ್ಲಿಂದ ಟಿವಿಗೆ ಬರುವ ಎಚ್‌ಡಿಎಂಐ ಕೇಬಲ್, ಕೊನೆಗೆ ಟಿವಿ. ಇಷ್ಟನ್ನು ದಾಟಿ ಬರುವ ಚಿತ್ರ ಎಲ್ಲಿ ನಿಂತಿದೆ ಎಂದು ತಿಳಿಯುವ ಮೊದಲೇ ಹೊಸ ಕ್ಯಾಮೆರಾ, ಹೊಸ ಕೇಬಲ್, ಯಾವುದೋ ಕನ್ವರ್ಟರ್ ಎಂದು ದುಡ್ಡು ಸುರಿಯುವವರು ಬಹಳ ಜನ. ಏನನ್ನೂ ಕೊಳ್ಳದೆ, ಮನೆಯಲ್ಲಿ ಇರುವುದನ್ನೇ ಅತ್ತಿತ್ತ ಬದಲಿಸಿ ಆ ಜಾಗವನ್ನು ಹುಡುಕಬಹುದು. ಅದಕ್ಕೆ ಬೇಕಾದಷ್ಟನ್ನು ಇಲ್ಲಿ ಬರೆದಿದ್ದೇನೆ.

ನಿಮ್ಮ ವ್ಯವಸ್ಥೆ ಯಾವ ಬಗೆಯದು ಎಂದು ಮೊದಲು ಗೊತ್ತಿರಲಿ. ಕ್ಯಾಮೆರಾದಿಂದ ದುಂಡನೆಯ ಕಪ್ಪು ಅಥವಾ ಬಿಳಿ ಕೇಬಲ್ ಬಂದು, ತಿರುಗಿಸಿ ಲಾಕ್ ಮಾಡುವ ಬಿಎನ್‌ಸಿ ಪಿನ್ನಿನ ಮೂಲಕ ಪೆಟ್ಟಿಗೆಗೆ ಸೇರಿದ್ದರೆ ಅದು ಡಿವಿಆರ್. ಇಂಟರ್ನೆಟ್‌ಗೆ ಬಳಸುವ ಚಪ್ಪಟೆ ಪಿನ್ನಿನ ಕೇಬಲ್ ಬಂದಿದ್ದರೆ ಎನ್‌ವಿಆರ್. ಪೆಟ್ಟಿಗೆಯೇ ಇಲ್ಲದೆ ಕ್ಯಾಮೆರಾ ನೇರವಾಗಿ ವೈಫೈಗೆ ಸೇರಿ ಮೊಬೈಲಿನಲ್ಲಿ ಕಾಣುತ್ತಿದ್ದರೆ ಅದರ ದಾರಿಯೇ ಬೇರೆ, ಮುಂದೆ ಹೇಳುತ್ತೇನೆ.

ಪರದೆಯ ಮೇಲೆ ಇರುವುದನ್ನು ಓದಿ

"ಅಕ್ಕ, ಟಿವಿಯಲ್ಲಿ ಏನು ಬರೆದಿದೆ?"

"ಏನೂ ಇಲ್ಲ, ಬರೀ ಕಪ್ಪು."

"ಪೆಟ್ಟಿಗೆಯ ಮೌಸ್ ಅಲ್ಲಾಡಿಸಿ ನೋಡಿ. ಬಾಣದ ಗುರುತು ಓಡಾಡುತ್ತದೆಯೇ?"

"ಹೌದು, ಬಂತು."

ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಬಾಣ ಕಂಡಿತು ಎಂದರೆ ಟಿವಿ ಸರಿ ಇದೆ, ಎಚ್‌ಡಿಎಂಐ ಕೇಬಲ್ ಸರಿ ಇದೆ, ಡಿವಿಆರ್ ಪೆಟ್ಟಿಗೆಗೆ ಜೀವ ಇದೆ. ಇನ್ನು ಹುಡುಕಬೇಕಾದದ್ದು ಪೆಟ್ಟಿಗೆಯಿಂದ ಆಚೆಗೆ, ಕ್ಯಾಮೆರಾದ ದಿಕ್ಕಿನಲ್ಲಿ. ಬಾಣವೂ ಇಲ್ಲ, ಕಂಪನಿಯ ಚಿಹ್ನೆಯೂ ಇಲ್ಲ, ಗಡಿಯಾರವೂ ಇಲ್ಲ ಎಂದಾದರೆ ಪೆಟ್ಟಿಗೆಯಿಂದ ಈಚೆಗೆ, ಟಿವಿಯ ದಿಕ್ಕಿನಲ್ಲಿ ಹುಡುಕಬೇಕು.

ಬರಹ ಕಂಡರೆ ಅದು ಯಾರ ಬರಹ ಎಂದು ನೋಡಿ. ಇಡೀ ಪರದೆಯ ನಡುವೆ 'ನೋ ಸಿಗ್ನಲ್' ಎಂದು ತೇಲಾಡುತ್ತಿದ್ದರೆ ಟಿವಿ ಹೇಳುತ್ತಿದೆ: ಈ ಇನ್‌ಪುಟ್‌ನಲ್ಲಿ ನನಗೆ ಏನೂ ಬರುತ್ತಿಲ್ಲ. ಪರದೆ ನಾಲ್ಕು ಅಥವಾ ಎಂಟು ಚೌಕಗಳಾಗಿ ಒಡೆದು, ಒಂದು ಚೌಕದಲ್ಲಿ ಮಾತ್ರ 'ವಿಡಿಯೊ ಲಾಸ್' ಎಂದಿದ್ದರೆ ಹೇಳುತ್ತಿರುವುದು ಡಿವಿಆರ್: ಆ ಒಂದು ಕ್ಯಾಮೆರಾದ ಚಿತ್ರ ಬರುತ್ತಿಲ್ಲ. ಕೆಲವು ಪೆಟ್ಟಿಗೆಗಳು ಚೌಕದ ಒಳಗೂ 'ನೋ ಸಿಗ್ನಲ್' ಎಂದೇ ಬರೆಯುತ್ತವೆ, ಆದ್ದರಿಂದ ಬರಹ ಎಲ್ಲಿದೆ ಎಂಬುದನ್ನು ನಂಬಿ. ಮೂರನೆಯದು, 'ಫಾರ್ಮ್ಯಾಟ್ ನಾಟ್ ಸಪೋರ್ಟೆಡ್' ಎಂಬ ಧಾಟಿಯ ಸೂಚನೆ. ಟಿವಿಗೆ ಸಿಗ್ನಲ್ ಮುಟ್ಟಿದೆ, ಆದರೆ ಅಷ್ಟು ದೊಡ್ಡ ಚಿತ್ರವನ್ನು ತೋರಿಸಲು ಅದಕ್ಕೆ ಆಗುತ್ತಿಲ್ಲ.

ಟಿವಿಗೆ ಏನೂ ಬರುತ್ತಿಲ್ಲವಾದರೆ

ಮೊದಲು ರಿಮೋಟಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಒತ್ತಿ ಎಲ್ಲ ಎಚ್‌ಡಿಎಂಐಗಳನ್ನೂ ಒಂದೊಂದಾಗಿ ನೋಡಿ. ಸೆಟ್‌ಟಾಪ್ ಬಾಕ್ಸಿನವನು ಬಂದು ಹೋದ ಮೇಲೆ ಕ್ಯಾಮೆರಾದ ಕೇಬಲ್ ಒಂದನೆಯ ಕಿಂಡಿಯಿಂದ ಎರಡನೆಯದಕ್ಕೆ ಹೋಗಿರುವುದು ನಿತ್ಯದ ಕಥೆ. ನಂತರ ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ, ಒಳಗಿನ ಫ್ಯಾನ್ ಅಥವಾ ಹಾರ್ಡ್ ಡಿಸ್ಕ್ ತಿರುಗುವ ಸದ್ದು ಇದೆಯೇ ಎಂದು ಕಿವಿಗೊಟ್ಟು ಕೇಳಿ. ಇಲ್ಲದಿದ್ದರೆ ಅಡಾಪ್ಟರಿನ ಮೇಲೆ ಅನುಮಾನ ಪಡಿ. ಬದಲಿಗೆ ಹಾಕುವ ಅಡಾಪ್ಟರಿನ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು, ಪಿನ್ನಿನ ಪ್ಲಸ್ ಮೈನಸ್ ಗುರುತು ಒಂದೇ ಆಗಿರಬೇಕು. ಹಳೆಯ ಮೋಡೆಮ್ಮಿನ ಅಡಾಪ್ಟರ್ ಪಿನ್ನಿಗೆ ಸರಿಯಾಗಿ ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ಚುಚ್ಚಬೇಡಿ.

ಪೆಟ್ಟಿಗೆಗೆ ಜೀವ ಇದ್ದೂ ಟಿವಿ ಕಪ್ಪಾಗಿದ್ದರೆ ಒಂದು ಸುಲಭದ ಪರೀಕ್ಷೆ: ಪೆಟ್ಟಿಗೆಯನ್ನು ಆರಿಸಿ, ಟಿವಿಯನ್ನು ಮೊದಲು ಹಚ್ಚಿ, ಸರಿಯಾದ ಇನ್‌ಪುಟ್‌ಗೆ ಇಟ್ಟು, ಆಮೇಲೆ ಪೆಟ್ಟಿಗೆಯನ್ನು ಹಚ್ಚಿ. ಎದುರಿಗೆ ಯಾವ ಟಿವಿ ಇದೆ, ಅದು ಎಷ್ಟು ದೊಡ್ಡ ಚಿತ್ರ ತೋರಿಸಬಲ್ಲದು ಎಂದು ಕೆಲವು ಪೆಟ್ಟಿಗೆಗಳು ಶುರುವಾಗುವ ಹೊತ್ತಿನಲ್ಲಿ ಮಾತ್ರ ವಿಚಾರಿಸುತ್ತವೆ. ಕರೆಂಟು ಹೋಗಿ ಬಂದಾಗ ಪೆಟ್ಟಿಗೆ ತಾನಾಗಿಯೇ ಎದ್ದಿರುತ್ತದೆ, ಟಿವಿ ಮಲಗಿರುತ್ತದೆ. ಆ ವಿಚಾರಣೆಗೆ ಉತ್ತರ ಸಿಗದೆ ಹೋದದ್ದೇ ದೋಷವಾಗಿರಬಹುದು.

ಇನ್ನು ರೆಸಲ್ಯೂಷನ್ ಗಲಾಟೆ. ಮಾಟುಂಗಾದ ಒಂದು ಹೋಟೆಲಿನಲ್ಲಿ ಮಾಲೀಕರು ಹಾಲ್‌ಗೆ 4ಕೆ ಟಿವಿ ತಂದರು, ಪೆಟ್ಟಿಗೆಯನ್ನು ಅದಕ್ಕೆ ತಕ್ಕಂತೆ 3840×2160ಕ್ಕೆ ಇಡಿಸಿದರು. ಕೆಲವು ತಿಂಗಳ ನಂತರ ಅದೇ ಕೇಬಲನ್ನು ಗಲ್ಲಾದ ಪಕ್ಕದ ಹಳೆಯ 32 ಇಂಚಿನ ಟಿವಿಗೆ ಚುಚ್ಚಿದರೆ ಪೂರ್ತಿ ಕತ್ತಲೆ. ಆ ಟಿವಿಯ ಪ್ಯಾನಲ್ಲೇ 1366×768; ಒಳಗೆ ಬರಲು ಅದು ಬಿಡುವುದು ಹೆಚ್ಚೆಂದರೆ 1920×1080. "ಟಿವಿ ಸತ್ತಿತು ಅಣ್ಣ" ಎಂದು ಮಾಣಿ ಘೋಷಿಸಿಯೂ ಆಗಿತ್ತು. ಟಿವಿಗೆ ಏನೂ ಆಗಿರಲಿಲ್ಲ. ಪೆಟ್ಟಿಗೆಯನ್ನು ಮತ್ತೆ ದೊಡ್ಡ ಟಿವಿಗೆ ಜೋಡಿಸಿ, ಮೆನುವಿನ ಡಿಸ್‌ಪ್ಲೇ ಭಾಗದಲ್ಲಿ 1280×720 ಎಂದು ಬದಲಿಸಿ ತಂದರೆ ಗಲ್ಲಾದ ಟಿವಿ ಕಣ್ಣು ಬಿಟ್ಟಿತು. ದೊಡ್ಡ ಟಿವಿ ಇಲ್ಲದವರು ಕಂಪ್ಯೂಟರ್ ಮಾನಿಟರನ್ನು ಪೆಟ್ಟಿಗೆಯ ವಿಜಿಎ ಕಿಂಡಿಗೆ ಚುಚ್ಚಿ ಇದೇ ಬದಲಾವಣೆ ಮಾಡಬಹುದು. ಸಾಮಾನ್ಯ ಬೆಲೆಯ ಹೆಚ್ಚಿನ ಪೆಟ್ಟಿಗೆಗಳು ಎರಡೂ ಕಡೆ ಒಂದೇ ಚಿತ್ರ ಕೊಡುತ್ತವೆ.

ಚಿತ್ರ ಬಂದು ಬಂದು ಹೋಗುತ್ತಿದ್ದರೆ, ಬಿಳಿಯ ಚುಕ್ಕಿಗಳು ಮಿಂಚುತ್ತಿದ್ದರೆ, ಕೇಬಲಿನ ಉದ್ದ ಕೇಳಿ. ಸಾಮಾನ್ಯ ಎಚ್‌ಡಿಎಂಐ ಕೇಬಲ್ ಹತ್ತು ಮೀಟರ್ ದಾಟಿದ ಮೇಲೆ ಅದರ ಗುಣಮಟ್ಟದ ಮೇಲೆಯೇ ಎಲ್ಲ ನಿಂತಿರುತ್ತದೆ. ಇದಕ್ಕೂ ಖರ್ಚಿಲ್ಲದ ಪರೀಕ್ಷೆ ಇದೆ. ಪೆಟ್ಟಿಗೆಯ ಔಟ್‌ಪುಟ್ಟನ್ನು 1080ರಿಂದ 720ಕ್ಕೆ ಇಳಿಸಿ. ಹಾಗೆ ಮಾಡಿದಾಗ ಕೇಬಲಿನಲ್ಲಿ ಓಡುವ ದತ್ತಾಂಶದ ವೇಗ ಸುಮಾರು ಅರ್ಧಕ್ಕೆ ಬರುತ್ತದೆ. ಆಗ ಚಿತ್ರ ಗಟ್ಟಿಯಾಗಿ ನಿಂತರೆ ತಪ್ಪು ಕೇಬಲಿನದು. ಹಾಗೆಯೇ ಬಿಟ್ಟರೂ ನಡೆಯುತ್ತದೆ. ಇಲ್ಲವೇ ಕ್ಯಾಟ್ 6 ಕೇಬಲಿನ ಮೇಲೆ ಓಡುವ ಎಚ್‌ಡಿಎಂಐ ಎಕ್ಸ್‌ಟೆಂಡರ್ ಹಾಕಿಸಬೇಕು. ಕೇಬಲನ್ನು ಫಾಲ್ಸ್ ಸೀಲಿಂಗಿನ ಒಳಗೆ ಪ್ಲಾಸ್ಟರ್ ಹಾಕಿ ಮುಚ್ಚಿಸಿದ ಮನೆಯವರಿಗೆ ನಾನು ಹೇಳುವ ಮಾತು ಖಾರವಾಗಿರುತ್ತದೆ, ಇಲ್ಲಿ ಬೇಡ.

ಚಿತ್ರದ ಅಂಚು ಕತ್ತರಿಸಿ ಹೋಗಿ, ಮೂಲೆಯ ದಿನಾಂಕ ಸಮಯ ಕಾಣದಿದ್ದರೆ ಅದು ದೋಷವಲ್ಲ, ಟಿವಿಯ ಪಿಕ್ಚರ್ ಸೈಜ್ ಸೆಟ್ಟಿಂಗ್. 'ಸ್ಕ್ರೀನ್ ಫಿಟ್' ಅಥವಾ 'ಜಸ್ಟ್ ಸ್ಕ್ಯಾನ್' ಎಂಬ ಆಯ್ಕೆಗೆ ಇಡಿ.

ಒಂದು ಚೌಕ ಮಾತ್ರ ಕಪ್ಪು

ಡಿವಿಆರ್ ಇರುವವರಿಗೆ ಈ ಭಾಗ ಬಹಳ ಮುಖ್ಯ. ಮುಂಬೈಯ ಮಳೆ ಮೊದಲು ಹೊಡೆಯುವುದೇ ಇಲ್ಲಿಗೆ.

ಮೂರನೆಯ ಕ್ಯಾಮೆರಾ ಕಾಣುತ್ತಿಲ್ಲ ಎಂದುಕೊಳ್ಳಿ. ಪೆಟ್ಟಿಗೆಯ ಹಿಂದೆ ಮೂರನೆಯ ಪಿನ್ನನ್ನು ತಿರುಗಿಸಿ ಬಿಚ್ಚಿ, ಚೆನ್ನಾಗಿ ಕಾಣುತ್ತಿರುವ ಎರಡನೆಯದನ್ನೂ ಬಿಚ್ಚಿ, ಎರಡನ್ನೂ ಅದಲುಬದಲು ಮಾಡಿ. ಕತ್ತಲೆ ಮೂರನೆಯ ಚೌಕದಿಂದ ಎರಡನೆಯ ಚೌಕಕ್ಕೆ ನಡೆದು ಬಂದರೆ ದೋಷ ಕೇಬಲ್ ಅಥವಾ ಕ್ಯಾಮೆರಾದ್ದು. ಕತ್ತಲೆ ಮೂರನೆಯ ಚೌಕದಲ್ಲೇ ಕುಳಿತಿದ್ದರೆ ಪೆಟ್ಟಿಗೆಯ ಆ ಕಿಂಡಿ ಕೆಟ್ಟಿದೆ, ಕ್ಯಾಮೆರಾವನ್ನು ಮುಟ್ಟಬೇಡಿ. ಇಷ್ಟು ಮಾಡಿ ಫೋನ್ ಮಾಡುವ ಗ್ರಾಹಕರಿಗೆ ನಾನು ಚಹಾ ಕುಡಿಸಲು ಸಿದ್ಧ.

ಎಲ್ಲ ಚೌಕಗಳೂ ಒಟ್ಟಿಗೆ ಕಪ್ಪಾಗಿದ್ದರೆ ನಾಲ್ಕು ಕ್ಯಾಮೆರಾಗಳು ಒಂದೇ ದಿನ ಸಾಯುವುದಿಲ್ಲ. ಅವೆಲ್ಲಕ್ಕೂ 12 ವೋಲ್ಟ್ ಹಂಚುವ ಪವರ್ ಸಪ್ಲೈ ಪೆಟ್ಟಿಗೆ ನಿಂತಿದೆ. ಅದರ ದೀಪ ನೋಡಿ, ಅದಕ್ಕೆ ಹೋಗುವ ಪ್ಲಗ್ ನೋಡಿ. ಮನೆ ಗುಡಿಸುವಾಗ ಯಾರೋ ಸ್ವಿಚ್ ಆರಿಸಿರುವ ಸಂಭವವೂ ಉಂಟು.

ದೋಷ ಕ್ಯಾಮೆರಾದ ಕಡೆಗೆ ಎಂದು ತಿಳಿದ ಮೇಲೆ ಕ್ಯಾಮೆರಾದ ಹಿಂದಿನ ಜೋಡಣೆಯನ್ನು ಬಿಚ್ಚಿ ನೋಡಬೇಕು. ವರ್ಸೋವಾ, ವಸಾಯಿ ಕಡೆಯ ಸಮುದ್ರದ ಗಾಳಿಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಸಿಕ್ಕ ಬಿಎನ್‌ಸಿ ಪಿನ್ನಿನ ಒಳಗೆ ನಡುವಿನ ತಾಮ್ರದ ಎಳೆ ಹಸಿರು ಕಿಲುಬು ಹಿಡಿದು ನಿಂತಿರುತ್ತದೆ. ಬೆರಳಿನಿಂದ ಉಜ್ಜಿದರೆ ಪುಡಿ ಉದುರುತ್ತದೆ. ಹೊರಗಿನ ಜಾಲರಿ ಎಳೆಗಳು ಕಪ್ಪಾಗಿ ಮುಟ್ಟಿದರೆ ತುಂಡಾಗುತ್ತವೆ. ಇದನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಮತ್ತೆ ಹಾಕಿದರೆ ಮುಂದಿನ ಮಳೆಯವರೆಗೂ ಬಾಳುವುದಿಲ್ಲ. ತಾಮ್ರ ಹೊಳೆಯುವ ಜಾಗದವರೆಗೆ ಕೇಬಲನ್ನು ಕತ್ತರಿಸಿ ಹೊಸ ಪಿನ್ ಹಾಕಬೇಕು. ಜೋಡಣೆಯನ್ನು ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸಿನೊಳಗೆ ಸೇರಿಸಿ, ಕೇಬಲ್ ಬಾಕ್ಸಿನ ಕೆಳಗಿನಿಂದ ಒಳಬರುವಂತೆ ಬಾಗಿಸಬೇಕು. ಮೇಲಿನಿಂದ ಇಳಿದು ಬಂದರೆ ನೀರು ಕೇಬಲನ್ನೇ ಹಿಡಿದುಕೊಂಡು ಒಳಗೆ ಇಳಿಯುತ್ತದೆ.

ಹಗಲಿಡೀ ಚೆನ್ನಾಗಿದ್ದು ಸಂಜೆ ಏಳರ ನಂತರ ಗೆರೆ ಬೀಳುವ, ಆಗಾಗ ಮಾಯವಾಗುವ ಕ್ಯಾಮೆರಾ ಇದೆಯಲ್ಲ, ಅದನ್ನು ಅನೇಕರು ಅನ್ಯಾಯವಾಗಿ ಎಸೆಯುತ್ತಾರೆ. ಕತ್ತಲಾದಾಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹತ್ತಿಕೊಳ್ಳುತ್ತವೆ, ಅದು ಎಳೆಯುವ ಕರೆಂಟು ಎರಡು ಮೂರು ಪಟ್ಟು ಏರುತ್ತದೆ. ಕ್ಯಾಮೆರಾ ಕೇಬಲಿನ ಒಳಗಿನ ಪವರ್ ತಂತಿ ತೆಳ್ಳಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ. ಲೆಕ್ಕ ಹಾಕಿ ನೋಡಿ: 0.2 ಚದರ ಮಿಲಿಮೀಟರಿನ ತಾಮ್ರದ ತಂತಿ 30 ಮೀಟರ್ ಓಡಿದರೆ, ಹೋಗಿ ಬರುವ ಎರಡೂ ಎಳೆ ಸೇರಿ ಸುಮಾರು 5 ಓಮ್ ತಡೆ. ಹಗಲು 0.15 ಆಂಪಿಯರ್ ಎಳೆದಾಗ ಮುಕ್ಕಾಲು ವೋಲ್ಟಿನಷ್ಟು ನಷ್ಟ. ರಾತ್ರಿ 0.4 ಆಂಪಿಯರ್ ಎಳೆದರೆ ಎರಡು ವೋಲ್ಟಿಗೂ ಮೇಲೆ. 12 ವೋಲ್ಟ್ ಹೊರಟದ್ದು 10 ಆಗಿ ತಲುಪುತ್ತದೆ, ಕ್ಯಾಮೆರಾ ತೂಕಡಿಸುತ್ತದೆ. ತಂತಿ ಶುದ್ಧ ತಾಮ್ರವಲ್ಲದೆ ಬೇರೆ ಲೋಹದ ಮೇಲೆ ತಾಮ್ರದ ಲೇಪ ಕೊಟ್ಟದ್ದಾದರೆ ಪರಿಸ್ಥಿತಿ ಇನ್ನೂ ಹದಗೆಡುತ್ತದೆ.

ಇದನ್ನು ರಾತ್ರಿಯವರೆಗೆ ಕಾಯದೆ ಪರೀಕ್ಷಿಸಬಹುದು. ಮಟ ಮಟ ಮಧ್ಯಾಹ್ನ ದಪ್ಪ ಬಟ್ಟೆಯಿಂದ ಕ್ಯಾಮೆರಾದ ಮುಖ ಮುಚ್ಚಿ. ಕೆಲವು ಕ್ಷಣಗಳಲ್ಲಿ ಅದು ರಾತ್ರಿ ಎಂದುಕೊಂಡು ದೀಪ ಹಚ್ಚುತ್ತದೆ. ಬಟ್ಟೆಯನ್ನು ತುಸು ಸರಿಸಿ ಮೊಬೈಲಿನ ಮುಂಭಾಗದ ಕ್ಯಾಮೆರಾದಲ್ಲಿ ನೋಡಿದರೆ ನೇರಳೆ ಹೊಳಪು ಕಾಣುತ್ತದೆ. ಆ ಹೊತ್ತಿಗೆ ಸರಿಯಾಗಿ ಟಿವಿಯಲ್ಲಿ ಚಿತ್ರ ಕುಸಿದರೆ ಪವರ್ ತಂತಿ ಅಥವಾ ಪವರ್ ಸಪ್ಲೈ ಬದಲಿಸಿ, ಕ್ಯಾಮೆರಾ ಇರಲಿ. ಗಟ್ಟಿ ಪುರಾವೆ ಬೇಕಿದ್ದರೆ ಮಲ್ಟಿಮೀಟರ್ ಹಿಡಿದು ಕ್ಯಾಮೆರಾದ ತುದಿಯಲ್ಲಿ ಅಳೆಯಿರಿ. ದೀಪ ಹತ್ತಿರುವಾಗ 11 ವೋಲ್ಟಿನ ಕೆಳಗೆ ಇಳಿದರೆ ನನಗೆ ಬೇರೆ ಸಾಕ್ಷಿ ಬೇಡ.

ಚಿತ್ರದ ಮೇಲೆ ಅಗಲವಾದ ಮಸುಕು ಪಟ್ಟಿಗಳು ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ಜಾರುತ್ತಿದ್ದರೆ ಅದು ಅರ್ಥಿಂಗ್ ಗೊಂದಲ. ಟಿವಿ, ಡಿವಿಆರ್, ಕ್ಯಾಮೆರಾಗಳ ಪವರ್ ಸಪ್ಲೈ ಮೂರನ್ನೂ ಒಂದೇ ಬೋರ್ಡಿನಿಂದ ಓಡಿಸಿ ನೋಡಿ. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಾಕುವ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬೇಡಿ.

ಕ್ಯಾಮೆರಾ ಬದಲಿಸಿದ ಕೂಡಲೇ ಚಿತ್ರ ಬರುತ್ತಿಲ್ಲವೇ? ಎಚ್‌ಡಿ ಅನಲಾಗ್ ಕ್ಯಾಮೆರಾಗಳಲ್ಲಿ ಟಿವಿಐ, ಸಿವಿಐ, ಎಎಚ್‌ಡಿ ಎಂಬ ಬೇರೆ ಬೇರೆ ಪದ್ಧತಿಗಳಿವೆ. ಹಳೆಯ ಪೆಟ್ಟಿಗೆಗೆ ಅವುಗಳಲ್ಲಿ ಒಂದೇ ಗೊತ್ತಿರಬಹುದು. ಅನೇಕ ಕ್ಯಾಮೆರಾಗಳ ಬಾಲದಲ್ಲಿ ಇದನ್ನು ಬದಲಿಸುವ ಪುಟ್ಟ ಸ್ವಿಚ್ ಇರುತ್ತದೆ.

ಎನ್‌ವಿಆರ್ ಇದ್ದರೆ

ಇಲ್ಲಿ ಕಿಲುಬಿಗಿಂತ ವಿಳಾಸದ, ಅಂದರೆ ಜಾಲದಲ್ಲಿ ಪ್ರತಿ ಸಾಧನಕ್ಕೂ ಇರುವ ಐಪಿ ಸಂಖ್ಯೆಯ, ತೊಂದರೆ ಹೆಚ್ಚು. ಇಂಟರ್ನೆಟ್ ಕಂಪನಿ ಬದಲಾಯಿಸಿದ ಮರುದಿನ ಕ್ಯಾಮೆರಾಗಳೆಲ್ಲ 'ಆಫ್‌ಲೈನ್' ಆದರೆ ಕಾರಣ ಹುಡುಕಬೇಕಾಗಿಲ್ಲ. ಹಳೆಯ ರೂಟರ್ 192.168.1 ಸರಣಿಯಲ್ಲಿ ವಿಳಾಸ ಹಂಚುತ್ತಿತ್ತು, ಹೊಸದು 192.168.29 ಸರಣಿಯಲ್ಲಿ ಹಂಚುತ್ತಿದೆ, ಕ್ಯಾಮೆರಾಗಳಿಗೆ ಮಾತ್ರ ಹಳೆಯ ವಿಳಾಸವನ್ನು ಕಾಯಂ ಆಗಿ ಬರೆದಿಟ್ಟಿದ್ದಾರೆ. ರೂಟರಿನ ಸರಣಿಯನ್ನು ಹಳೆಯದಕ್ಕೆ ಹೊಂದಿಸುವುದು ಒಂದೊಂದೇ ಕ್ಯಾಮೆರಾ ತಿದ್ದುವುದಕ್ಕಿಂತ ಸುಲಭ. ಕೇಬಲಿನಲ್ಲೇ ಕರೆಂಟು ಕಳಿಸುವ ಪಿಒಇ ಕ್ಯಾಮೆರಾವಾದರೆ, ಆ ಕೇಬಲ್ ಸೇರುವ ನೆಟ್‌ವರ್ಕ್ ಸ್ವಿಚ್ಚಿನ ಕಿಂಡಿಯ ದೀಪ ಉರಿಯುತ್ತಿದೆಯೇ ನೋಡಿ. ಉರಿಯದಿದ್ದರೆ ಬೇರೆ ಕಿಂಡಿಗೆ ಬದಲಿಸಿ ನೋಡಿ, ಅಲ್ಲೂ ಅದಲುಬದಲಿನ ನಿಯಮವೇ.

ವೈಫೈ ಕ್ಯಾಮೆರಾವನ್ನು ಸ್ಮಾರ್ಟ್ ಟಿವಿಗೆ ತರುವುದು

ಮೂರು ದಾರಿಗಳಿವೆ. ಮೊಬೈಲಿನ ಪರದೆಯನ್ನು ಟಿವಿಗೆ ಬಿಂಬಿಸುವುದು, ಟಿವಿಯಲ್ಲೇ ಕ್ಯಾಮೆರಾ ಕಂಪನಿಯ ಆ್ಯಪ್ ಹಾಕುವುದು, ಇಲ್ಲವೇ ಆಂಡ್ರಾಯ್ಡ್ ಟಿವಿಯಲ್ಲಿ ವಿಎಲ್‌ಸಿಯಂಥ ವಿಡಿಯೊ ಆ್ಯಪಿಗೆ ಕ್ಯಾಮೆರಾದ ಆರ್‌ಟಿಎಸ್‌ಪಿ ವಿಳಾಸ (ಕ್ಯಾಮೆರಾದಿಂದ ನೇರ ಚಿತ್ರ ಎಳೆದುಕೊಳ್ಳುವ ಜಾಲ ವಿಳಾಸ) ಕೊಡುವುದು. ಮೊದಲನೆಯದು ಅತಿಥಿಗಳಿಗೆ ತೋರಿಸಲು ಸಾಕು, ದಿನವಿಡೀ ನೋಡಲು ಆಗದು. ಎರಡನೆಯದು ಎಲ್ಲ ಕಂಪನಿಗಳಿಗೂ ಇಲ್ಲ. ಮೂರನೆಯದೇ ನನಗೆ ಇಷ್ಟ, ಆದರೆ ಅದಕ್ಕೆ ತಾಳ್ಮೆ ಬೇಕು.

ಮೊಬೈಲಿಗೆ ಟಿವಿಯೇ ಕಾಣುತ್ತಿಲ್ಲವಾದರೆ ಎರಡೂ ಒಂದೇ ವೈಫೈ ಹೆಸರಿನಲ್ಲಿವೆಯೇ ಎಂದು ನೋಡಿ. ರೂಟರಿನ 'ಗೆಸ್ಟ್' ಜಾಲದಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ಗೋಡೆ ಹಾಕಿರುತ್ತಾರೆ, ಆದ್ದರಿಂದ ಟಿವಿಯನ್ನು ಅದಕ್ಕೆ ಸೇರಿಸಬಾರದು. ಹೆಚ್ಚಿನ ಅಗ್ಗದ ಕ್ಯಾಮೆರಾಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಬಲ್ಲವು. ಟಿವಿ 5ರಲ್ಲಿದ್ದರೂ ರೂಟರ್ ಒಂದೇ ಆಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ.

ಆರ್‌ಟಿಎಸ್‌ಪಿ ದಾರಿಯಲ್ಲಿ ಎಡವುವ ಕಲ್ಲುಗಳು ಹೆಚ್ಚಾಗಿ ಇವು. ಕ್ಯಾಮೆರಾದಲ್ಲಿ ಆ ಸೌಲಭ್ಯ ಮೊದಲಿಗೆ ಆಫ್ ಆಗಿರುತ್ತದೆ. ಮೊಬೈಲ್ ಆ್ಯಪಿನಲ್ಲಿ ಹುಡುಕಿ ಆನ್ ಮಾಡಬೇಕು. ಟಪೊ ಕ್ಯಾಮೆರಾಗಳಲ್ಲಿ ಇದಕ್ಕಾಗಿ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ 'ಕ್ಯಾಮೆರಾ ಅಕೌಂಟ್' ಎಂಬ ಬೇರೆಯೇ ಹೆಸರು, ಪಾಸ್‌ವರ್ಡ್ ಸೃಷ್ಟಿಸಬೇಕು, ಆ್ಯಪಿಗೆ ಲಾಗಿನ್ ಆಗುವ ಪಾಸ್‌ವರ್ಡ್ ಇಲ್ಲಿ ನಡೆಯದು. ಬ್ಯಾಟರಿಯಿಂದ ಓಡುವ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯವೇ ಇರುವುದಿಲ್ಲ. ಪಾಸ್‌ವರ್ಡಿನಲ್ಲಿ @ ಚಿಹ್ನೆ ಇದ್ದರೆ ವಿಳಾಸದ ಸಾಲು ಅಲ್ಲೇ ತುಂಡಾಗಿ ಲಾಗಿನ್ ವಿಫಲವಾಗುತ್ತದೆ. ಬರೀ ಅಕ್ಷರ, ಅಂಕಿಗಳ ಉದ್ದನೆಯ ಪಾಸ್‌ವರ್ಡ್ ಇಟ್ಟರೆ ಈ ರಗಳೆ ಇಲ್ಲ. ಪೋರ್ಟ್ ಸಂಖ್ಯೆ ಬಹುತೇಕ 554. ಇವತ್ತು ಕಂಡು ನಾಳೆ ಕಾಣದಿದ್ದರೆ ಕ್ಯಾಮೆರಾದ ವಿಳಾಸ ಬದಲಾಗಿದೆ, ರೂಟರಿನಲ್ಲಿ ಅದಕ್ಕೊಂದು ವಿಳಾಸ ಕಾದಿರಿಸಿ.

ಸದ್ದು ಬಂದು ಚಿತ್ರ ಕಪ್ಪಾಗಿದ್ದರೆ ಕೋಡೆಕ್, ಅಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ಪದ್ಧತಿಯ, ತೊಂದರೆ. ಕ್ಯಾಮೆರಾ ಎಚ್.265ರಲ್ಲಿ ಕಳಿಸುತ್ತಿದೆ, ಟಿವಿಗೆ ಅದನ್ನು ಬಿಡಿಸಲು ಬರುವುದಿಲ್ಲ. ಎಚ್.265 ರೂಪುಗೊಂಡದ್ದು 2013ರಲ್ಲಿ, ಎಚ್.264 ಬಂದದ್ದು ಅದಕ್ಕಿಂತ ಹತ್ತು ವರ್ಷ ಹಿಂದೆ. ಹಳೆಯ ಟಿವಿಗೆ ಹಳೆಯದೇ ಹಿತ. ಕ್ಯಾಮೆರಾವನ್ನು ಎಚ್.264ಕ್ಕೆ ಬದಲಿಸಿ, ಪ್ಲಸ್ ಗುರುತಿನ ಉಳಿತಾಯದ ಆಯ್ಕೆ ಇದ್ದರೆ ಅದನ್ನೂ ಆರಿಸಿ. ಚಿತ್ರ ತಡವರಿಸುತ್ತಿದ್ದರೆ ಮೇನ್ ಸ್ಟ್ರೀಮ್ (ದೊಡ್ಡ, ಸ್ಪಷ್ಟ ಚಿತ್ರ) ಬಿಟ್ಟು ಸಬ್ ಸ್ಟ್ರೀಮ್ (ಚಿಕ್ಕ, ಹಗುರ ಚಿತ್ರ) ವಿಳಾಸ ಕೊಡಿ.

ಊರಿನ ಮನೆಯ ಕ್ಯಾಮೆರಾ, ಮುಂಬೈಯ ಟಿವಿ

ಕುಂದಾಪುರ, ಕಾರ್ಕಳ, ಅಂಕೋಲಾ ಕಡೆಯ ಮನೆಗೆ ಬೀಗ ಹಾಕಿ ಇಲ್ಲಿರುವವರು ಸಂಜೆ ಚಹಾದ ಹೊತ್ತಿಗೆ ಟಿವಿಯಲ್ಲಿ ಊರಿನ ಅಂಗಳ ನೋಡಬೇಕು ಎನ್ನುತ್ತಾರೆ. ಆಗುತ್ತದೆ. ಆದರೆ ಮೇಲೆ ಹೇಳಿದ ಆರ್‌ಟಿಎಸ್‌ಪಿ ವಿಳಾಸ ಊರಿನ ಮನೆಯ ಒಳಗೆ ಮಾತ್ರ ನಡೆಯುತ್ತದೆ. ದೂರದಿಂದ ನೋಡಲು ಕಂಪನಿಯ ಆ್ಯಪ್, ಅದರ ಮೂಲಕ ಟಿವಿ, ಇದೇ ದಾರಿ.

'ಡಿವೈಸ್ ಆಫ್‌ಲೈನ್' ಎಂದು ಬಂದರೆ ಮುಂಬೈಯಲ್ಲಿ ಕುಳಿತು ಟಿವಿಯನ್ನು ಆನ್ ಆಫ್ ಮಾಡಿ ಪ್ರಯೋಜನವಿಲ್ಲ. ಪಕ್ಕದ ಮನೆಯವರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಕರೆಂಟು ಇದೆಯೇ, ರೂಟರಿನಲ್ಲಿ ಕೆಂಪು ದೀಪ ಇದೆಯೇ. ಇನ್ವರ್ಟರಿಗೆ ಡಿವಿಆರನ್ನೂ ಕ್ಯಾಮೆರಾಗಳನ್ನೂ ಸೇರಿಸಿ, ರೂಟರನ್ನು ಮಾತ್ರ ಮಾಮೂಲಿ ಪ್ಲಗ್ಗಿನಲ್ಲಿ ಬಿಟ್ಟ ಮನೆಗಳು ಬೇಕಾದಷ್ಟಿವೆ. ಅಲ್ಲಿ ರೆಕಾರ್ಡ್ ಆಗುತ್ತಲೇ ಇರುತ್ತದೆ, ಇಲ್ಲಿಗೆ ಮಾತ್ರ ಏನೂ ತಲುಪುವುದಿಲ್ಲ.

ಆನ್‌ಲೈನ್ ಎಂದು ತೋರಿಸಿ ಚಿತ್ರ ಸುತ್ತುತ್ತಲೇ ಇದ್ದರೆ ಊರಿನ ಸಂಪರ್ಕದ ಅಪ್‌ಲೋಡ್ ವೇಗ ಅಳೆಯಿಸಿ; ಡೌನ್‌ಲೋಡ್ ಅಲ್ಲ. ನಾಲ್ಕು ಕ್ಯಾಮೆರಾಗಳ ಮೇನ್ ಸ್ಟ್ರೀಮ್ ತಲಾ 2 ಎಂಬಿಪಿಎಸ್ ಎಂದರೂ 8 ಬೇಕು. ಸಬ್ ಸ್ಟ್ರೀಮ್ 512 ಕೆಬಿಪಿಎಸ್‌ಗೆ ಇಟ್ಟರೆ 2ರಲ್ಲಿ ಮುಗಿಯುತ್ತದೆ. ಮೊಬೈಲ್ ಸಿಮ್ ಹಾಕಿದ ರೂಟರಾದರೆ ಸಬ್ ಸ್ಟ್ರೀಮ್ ಬಿಟ್ಟು ಬೇರೆ ಯೋಚನೆಯೇ ಬೇಡ.

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ನಂತರ ಕೆಟ್ಟದ್ದಾದರೆ ಪೆಟ್ಟಿಗೆ ಬದುಕಿದ್ದು ಅದರ ನೆಟ್‌ವರ್ಕ್ ಕಿಂಡಿಯೋ ರೂಟರಿನ ಒಂದು ಕಿಂಡಿಯೋ ಸುಟ್ಟಿರಬಹುದು. ಕೇಬಲನ್ನು ರೂಟರಿನ ಬೇರೆ ಕಿಂಡಿಗೆ ಚುಚ್ಚಿಸಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ರೂಟರಿನಲ್ಲಿ ಪೋರ್ಟ್ ತೆರೆದು ನೇರವಾಗಿ ನೋಡಬಹುದಲ್ಲ ಎಂದು ಬುದ್ಧಿವಂತ ಅಳಿಯಂದಿರು ಕೇಳುತ್ತಾರೆ. ಈಗ ಅನೇಕ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಸಾರ್ವಜನಿಕ ವಿಳಾಸ ಇರುವುದರಿಂದ ಅದು ನಡೆಯುವುದೇ ಇಲ್ಲ. ನಡೆಯುವಲ್ಲಿ ಮಾಡಲೂಬಾರದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದೆ ಇಂಟರ್ನೆಟ್‌ಗೆ ತೆರೆದಿಟ್ಟ ಡಿವಿಆರ್, ಕ್ಯಾಮೆರಾಗಳನ್ನೇ ಸೆರೆಹಿಡಿದು ದೊಡ್ಡ ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಮಲಗಿಸಿತ್ತು.

ಈಗಿನದು ಕಾಣುತ್ತದೆ, ನಿನ್ನೆಯದು ಇಲ್ಲ

ನೇರ ಚಿತ್ರ ಸರಿಯಾಗಿದ್ದು ಪ್ಲೇಬ್ಯಾಕ್ ಖಾಲಿ ಇದ್ದರೆ ಮೊದಲು ಮೂಲೆಯ ದಿನಾಂಕ ನೋಡಿ. ಅದು 2000ನೇ ಇಸವಿಯ ಜನವರಿ ಎಂದು ತೋರಿಸುತ್ತಿದ್ದರೆ ನಿನ್ನೆಯ ದೃಶ್ಯ ಅಲ್ಲೇ ಇದೆ, ತಪ್ಪು ತಾರೀಖಿನ ಕೆಳಗೆ. ಪ್ರತಿ ಸಲ ಕರೆಂಟು ಹೋದಾಗ ಗಡಿಯಾರ ಹಿಂದಕ್ಕೆ ಹೋಗುತ್ತಿದ್ದರೆ ಪೆಟ್ಟಿಗೆಯೊಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ, ಸಾಮಾನ್ಯವಾಗಿ ಸಿಆರ್2032. ಐದೂವರೆ ಗಂಟೆಯಷ್ಟೇ ವ್ಯತ್ಯಾಸವಿದ್ದರೆ ಟೈಮ್ ಝೋನ್ ಭಾರತದ್ದಕ್ಕೆ ಇಟ್ಟಿಲ್ಲ.

ಪೆಟ್ಟಿಗೆ ಬಿಟ್ಟೂ ಬಿಡದೆ ಬೀಪ್ ಎನ್ನುತ್ತಿದ್ದರೆ ಹೆಚ್ಚಾಗಿ ಹಾರ್ಡ್ ಡಿಸ್ಕ್ ಸಿಗುತ್ತಿಲ್ಲ ಎಂದು ಕೂಗುತ್ತಿದೆ. ಅದರ ಬೀಪನ್ನು ಮೆನುವಿನಲ್ಲಿ ಆರಿಸಿ ನೆಮ್ಮದಿಯಾಗಿ ಮಲಗಿದವರಿಗೆ ಕಳ್ಳತನವಾದ ದಿನ ವಿಷಯ ತಿಳಿಯುತ್ತದೆ. ಮೆನುವಿನ ಎಚ್‌ಡಿಡಿ ಭಾಗದಲ್ಲಿ ಡಿಸ್ಕಿನ ಸ್ಥಿತಿ 'ನಾರ್ಮಲ್' ಇದೆಯೇ ನೋಡಿ.

ಡಿಸ್ಕ್ ಸರಿ ಇದ್ದೂ ಹದಿನೈದು ದಿನದ ಹಿಂದಿನದು ಸಿಗದಿದ್ದರೆ ಅದು ದೋಷವಲ್ಲ. 2 ಎಂಬಿಪಿಎಸ್‌ನ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21.6 ಜಿಬಿ ತುಂಬುತ್ತದೆ. ನಾಲ್ಕಕ್ಕೆ 86 ಜಿಬಿ ದಾಟುತ್ತದೆ. 1 ಟಿಬಿ ಡಿಸ್ಕ್ ಹನ್ನೊಂದು ದಿನಗಳಲ್ಲಿ ತುಂಬಿ, ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ.

ಪೆನ್‌ಡ್ರೈವಿಗೆ ತೆಗೆದ ದೃಶ್ಯ ಟಿವಿಯಲ್ಲಿ ಓಡದಿದ್ದರೆ ಫೈಲಿನ ಬಗೆ ನೋಡಿ. ಕೆಲವು ಪೆಟ್ಟಿಗೆಗಳು ಡಿಎವಿ ಎಂಬ ತಮ್ಮದೇ ರೂಪದಲ್ಲಿ ಕೊಡುತ್ತವೆ, ಟಿವಿಗೆ ಅದು ಗೊತ್ತಿಲ್ಲ. ಬ್ಯಾಕಪ್ ಮಾಡುವಾಗ ಎಂಪಿ4 ಆಯ್ಕೆ ಮಾಡಿ. ಹೆಸರಿನಲ್ಲಿ ಎಂಪಿ4 ಇದ್ದೂ ಓಡದಿದ್ದರೆ ಕಂಪ್ಯೂಟರಿನಲ್ಲಿ ಕಂಪನಿಯ ಪ್ಲೇಯರ್ ಮೂಲಕ ಪರಿವರ್ತಿಸಬೇಕು. ಪೆನ್‌ಡ್ರೈವನ್ನೇ ಪೆಟ್ಟಿಗೆ ಗುರುತಿಸದಿದ್ದರೆ ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ. ಆ ಪದ್ಧತಿಯಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲವಾದ್ದರಿಂದ ಬೇಕಾದ ಅರ್ಧ ಗಂಟೆಯನ್ನು ಮಾತ್ರ ತೆಗೆಯಿರಿ. ಪೊಲೀಸರಿಗೆ ಕೊಡುವುದಿದ್ದರೆ ಪರಿವರ್ತಿಸಿದ್ದನ್ನು ಮಾತ್ರವಲ್ಲ, ಪೆಟ್ಟಿಗೆ ಕೊಟ್ಟ ಮೂಲ ಫೈಲನ್ನೂ ಸೇರಿಸಿಯೇ ಕೊಡಿ.

ಸೊಸೈಟಿಯ ಗೇಟ್ ಚಾನೆಲ್

ಹಳೆಯ ಹೌಸಿಂಗ್ ಸೊಸೈಟಿಗಳಲ್ಲಿ ಗೇಟಿನ ಕ್ಯಾಮೆರಾವನ್ನು, ಚಿತ್ರವನ್ನು ಟಿವಿ ಚಾನೆಲ್ ಆಗಿಸುವ ಮಾಡ್ಯುಲೇಟರ್ ಮೂಲಕ ಕಟ್ಟಡದ ಕೇಬಲ್ ಲೈನಿಗೆ ಸೇರಿಸಿ, ಪ್ರತಿ ಮನೆಯಲ್ಲೂ ಒಂದು ಚಾನೆಲ್ಲಿನಲ್ಲಿ ಕಾಣುವಂತೆ ಮಾಡಿದ್ದುಂಟು. ಮುಂಬೈಯಲ್ಲಿ ಕೇಬಲ್ ಟಿವಿ ಡಿಜಿಟಲ್ ಆಗಲು 2012ರ ಅಕ್ಟೋಬರ್ 31 ಗಡುವಾಗಿತ್ತು. ಆಮೇಲೆ ಎಲ್ಲರ ಮನೆಗೂ ಸೆಟ್‌ಟಾಪ್ ಬಾಕ್ಸ್ ಬಂತು, ಗೇಟಿನ ಚಾನೆಲ್ ಕಾಣೆಯಾಯಿತು ಎಂಬ ದೂರೂ ಬಂತು. ಆ ಸಿಗ್ನಲ್ ಅನಲಾಗ್. ಸೆಟ್‌ಟಾಪ್ ಬಾಕ್ಸ್ ಅದನ್ನು ಹಿಡಿಯುವುದಿಲ್ಲ. ಗೋಡೆಯ ಲೈನನ್ನು ನೇರವಾಗಿ ಟಿವಿಯ ಆಂಟೆನಾ ಕಿಂಡಿಗೆ ಕೊಟ್ಟು, ಇನ್‌ಪುಟ್ಟನ್ನು 'ಟಿವಿ' ಎಂದು ಬದಲಿಸಿ, ಅನಲಾಗ್ ಆಟೋ ಟ್ಯೂನ್ ಓಡಿಸಿ. ಸಿಕ್ಕರೆ ಮಾಡ್ಯುಲೇಟರ್ ಬದುಕಿದೆ. ಸಿಗದಿದ್ದರೆ ಪಕ್ಕದ ಮನೆಯಲ್ಲೂ ನೋಡಿ, ಅಲ್ಲೂ ಇಲ್ಲದಿದ್ದರೆ ಕಾರ್ಯದರ್ಶಿಗೆ ಹೇಳಿ.

ಮೆಕ್ಯಾನಿಕ್ಕನ್ನು ಕರೆಯುವ ಮುನ್ನ

ಡಿವಿಆರಿನ ಅಡ್ಮಿನ್ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ ಮೇಲಿನ ಅರ್ಧ ಕೆಲಸಗಳು ನಿಲ್ಲುತ್ತವೆ. ಹಾಕಿದವನು ತನ್ನ ತಲೆಯಲ್ಲೇ ಇಟ್ಟುಕೊಂಡು ಹೋಗಿರುತ್ತಾನೆ, ಈಗ ಅವನ ಫೋನ್ ಹತ್ತುವುದಿಲ್ಲ. ಪೆಟ್ಟಿಗೆಯ ಕೆಳಗಿನ ಸೀರಿಯಲ್ ಸಂಖ್ಯೆಯ ಫೋಟೊ ಮತ್ತು ಬಿಲ್ ಇಟ್ಟುಕೊಂಡು ಕಂಪನಿಯ ಸಹಾಯವಾಣಿಗೆ ಕರೆ ಮಾಡಿ. ರೀಸೆಟ್ ಆದ ಮೇಲೆ ದಿನಾಂಕ, ಟೈಮ್ ಝೋನ್, ಔಟ್‌ಪುಟ್ ರೆಸಲ್ಯೂಷನ್, ರೆಕಾರ್ಡಿಂಗ್ ವೇಳಾಪಟ್ಟಿ ನಾಲ್ಕನ್ನೂ ಮತ್ತೆ ನೋಡಿ. ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡಿ, ಪೆಟ್ಟಿಗೆಯ ಮೇಲೆ ಅಂಟಿಸಬೇಡಿ.